ಹಾಸನದಲ್ಲಿ ಲೂಪಸ್ ಟೆಸ್ಟ್: ಮೂರು ಲ್ಯಾಬ್, ಒಂದೇ ತೋಳು

ಹಾಸನದಲ್ಲಿ ಎಎನ್‌ಎ ಅನ್ನುವ, ಲೂಪಸ್ ಹುಡುಕಲು ಮೊದಲು ಮಾಡಿಸುವ ರಕ್ತದ ಟೆಸ್ಟ್ ಎಲ್ಲಿ ಮಾಡಿಸಿದರೆ ಒಳ್ಳೆಯದು ಅಂತ ಈ ಎರಡು ತಿಂಗಳಲ್ಲಿ ಮೂರು ಜನ ನನ್ನನ್ನು ಕೇಳಿದ್ದಾರೆ. ಒಬ್ಬರು ಅರಸೀಕೆರೆಯವರು. ಇನ್ನೊಬ್ಬರು ನಮ್ಮ ಆಫೀಸಿನವರ ನಾದಿನಿ. ಮೂರನೆಯವರು ಯಾರೋ ಗೊತ್ತೇ ಇಲ್ಲ, ಡಾಕ್ಟರ ಕ್ಲಿನಿಕ್ಕಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು, ನನ್ನ ಕೈಯಲ್ಲಿದ್ದ ದಪ್ಪ ಫೈಲ್ ನೋಡಿ ಇವಳು ಹಳೇ ಗಿರಾಕಿ ಅಂತ ಗುರುತು ಹಿಡಿದು ಕೇಳಿದರು. ಮೂವರಿಗೂ ಅದೇ ಕಥೆ ಹೇಳಿ ಬಾಯಿ ನೋವಾಯಿತು. ಅದಕ್ಕೆ ಒಮ್ಮೆ ಕೂತು ಬರೆದುಬಿಡೋಣ ಅಂತ.

ನಾನು ಡಾಕ್ಟರಲ್ಲ, ಲ್ಯಾಬಿನವಳೂ ಅಲ್ಲ. ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಲೂಪಸ್ ಅಂತ ಗೊತ್ತಾಗಿ ಆರು ವರ್ಷ ಆಯಿತು, ಮೈ ಕಾಯಬೇಕಾದ ಆ್ಯಂಟಿಬಾಡಿಗಳು ನಮ್ಮ ಮೈಮೇಲೇ ತಿರುಗಿ ಬೀಳುವ ಕಾಯಿಲೆ ಇದು. ಅಷ್ಟರಲ್ಲಿ ಎಷ್ಟು ಸಲ ರಕ್ತ ಕೊಟ್ಟಿದ್ದೇನೆ ಅಂದರೆ ಎಡಗೈ ಮಡಚುವ ಜಾಗದಲ್ಲಿ ಚುಚ್ಚಿ ಚುಚ್ಚಿ ಒಂದು ಗಟ್ಟಿ ಚುಕ್ಕೆ ನಿಂತುಬಿಟ್ಟಿದೆ. ಹೊಸ ಹುಡುಗರು ಸೂಜಿ ಹಿಡಿದು ಹುಡುಕಾಡತೊಡಗಿದರೆ ನಾನೇ ಬೆರಳಿಟ್ಟು ತೋರಿಸುತ್ತೇನೆ.

ಲ್ಯಾಬುಗಳ ಹೆಸರು ಹಾಕುವುದಿಲ್ಲ. ಊರು ಸಣ್ಣದು, ನಾಳೆ ಅಲ್ಲೇ ಹೋಗಿ ಕೈ ಚಾಚಬೇಕು. ಬಸ್ ಸ್ಟ್ಯಾಂಡ್ ಲ್ಯಾಬ್, ಆ್ಯಪ್ ಲ್ಯಾಬ್, ಬೆಂಗಳೂರು ಲ್ಯಾಬ್ ಅಂತ ಕರೆಯುತ್ತೇನೆ. ಇನ್ನೊಂದು ನಾಲ್ಕನೆಯದಿದೆ, ಅದರ ಕಥೆ ಮೊದಲು.

ನನಗೆ ಶುರುವಾಗಿದ್ದು ಬೆರಳಿನ ಗಂಟು ನೋವಿನಿಂದ. ಬೆಳಗ್ಗೆ ಎದ್ದರೆ ಕಾಫಿ ಫಿಲ್ಟರ್ ಬಿಚ್ಚಲು ಆಗುತ್ತಿರಲಿಲ್ಲ, ಗಂಡನನ್ನು ಎಬ್ಬಿಸಬೇಕಿತ್ತು. ಆಮೇಲೆ ಬಾಯಿ ಹುಣ್ಣು, ಬಾಚಣಿಗೆ ತುಂಬ ಕೂದಲು. ಜನವರಿಯಲ್ಲಿ ಒಂದು ದಿನ ಕಣದ ಬಿಸಿಲಲ್ಲಿ ನಿಂತು ಮೂಟೆ ಲೆಕ್ಕ ಹಾಕಿ ಬಂದೆ, ಸಂಜೆಗೆ ಎರಡೂ ಕೆನ್ನೆ ಕೆಂಪಗಾಗಿ ಉರಿ. ಮನೆ ಹತ್ತಿರದ ಡಾಕ್ಟರು ಎಎನ್‌ಎ ಬರೆದರು. ಪಕ್ಕದ ರಸ್ತೆಯ ಲ್ಯಾಬಿನಲ್ಲಿ ಕೊಟ್ಟೆ. ಮಾರನೇ ದಿನವೇ ರಿಪೋರ್ಟ್: 0.8, ನೆಗೆಟಿವ್. ಎಷ್ಟು ಬೇಗ ಕೊಟ್ಟರಲ್ಲ ಅಂತ ಖುಷಿಪಟ್ಟಿದ್ದು ಈಗಲೂ ನೆನಪಿದೆ. ಐದು ತಿಂಗಳು ನೋವಿನ ಮಾತ್ರೆ ನುಂಗಿಕೊಂಡು, ಎಲ್ಲಾ ಟೆನ್ಶನ್‌ನಿಂದ ಆಗ್ತಿದೆ ಅನ್ನುವ ಉಪದೇಶ ಕೇಳಿಕೊಂಡು ಓಡಾಡಿದೆ.

ಬೆಂಗಳೂರಿನಿಂದ ತಿಂಗಳಿಗೊಮ್ಮೆ ಇಲ್ಲಿಗೆ ಬರುವ ಗಂಟುರೋಗದ ಡಾಕ್ಟರಿಗೆ ತೋರಿಸಿದಾಗ ಅವರು ಆ 0.8 ಕಡೆ ನೋಡಲೇ ಇಲ್ಲ. ಅದರ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿದ್ದ ಒಂದು ಗೆರೆಯ ಮೇಲೆ ಪೆನ್ ಇಟ್ಟರು. ವಿಧಾನ, ಎಲೈಸಾ. ‘ಇದನ್ನು ಇಮ್ಯುನೋಫ್ಲೋರೆಸೆನ್ಸ್‌ನಲ್ಲಿ ಮಾಡಿಸಿ, ಆಮೇಲೆ ಮಾತಾಡೋಣ’ ಅಂದರು. ಬಸ್ ಸ್ಟ್ಯಾಂಡ್ ಲ್ಯಾಬಿಗೆ ಮೊದಲ ಸಲ ಹೋಗಿದ್ದು ಆಗ. ನಾಲ್ಕು ದಿನ ಬಿಟ್ಟು ಬಂತು: ಪಾಸಿಟಿವ್, 1:320, ಚುಕ್ಕೆ ಚುಕ್ಕೆ ಪ್ಯಾಟರ್ನ್.

ಅದೇ ತೋಳು, ಅದೇ ರಕ್ತ, ಎರಡು ಉತ್ತರ. ಯಾಕೆ ಅಂತ ತಲೆ ಕೆಡಿಸಿಕೊಂಡು ಓದಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಎಎನ್‌ಎ ಅಂದರೆ ನಮ್ಮದೇ ಕೋಶದ ನ್ಯೂಕ್ಲಿಯಸ್ ವಿರುದ್ಧದ ಆ್ಯಂಟಿಬಾಡಿ.

ಎಲೈಸಾದಲ್ಲಿ ಒಂದು ಪ್ಲಾಸ್ಟಿಕ್ ಗುಳಿಗೆ ಮೊದಲೇ ಕೆಲವು ಪ್ರೋಟೀನ್ ಅಂಟಿಸಿಟ್ಟಿರುತ್ತಾರೆ. ನಮ್ಮ ಸೀರಂ ಹಾಕಿದಾಗ ಅದರಲ್ಲಿರುವ ಆ್ಯಂಟಿಬಾಡಿ ಹೋಗಿ ಅಂಟಿಕೊಂಡರೆ ಬಣ್ಣ ಬರುತ್ತದೆ, ಮೆಷಿನ್ ಆ ಬಣ್ಣವನ್ನು ಓದಿ ನಂಬರ್ ಕೊಡುತ್ತದೆ. ಬೇಗ ಆಗುತ್ತೆ, ಕಡಿಮೆ ದುಡ್ಡು. ಆದರೆ ಗುಳಿಯಲ್ಲಿ ಏನು ಅಂಟಿಸಿದ್ದಾರೋ ಅದಕ್ಕೆ ಮಾತ್ರ ಉತ್ತರ. ನಮ್ಮ ಆ್ಯಂಟಿಬಾಡಿಗೆ ಬೇಕಾದ್ದು ಅಲ್ಲಿ ಇಲ್ಲದಿದ್ದರೆ ಮುಗೀತು, ನೆಗೆಟಿವ್. ಫ್ಲೋರೆಸೆನ್ಸ್‌ನಲ್ಲಿ ಹಾಗಲ್ಲ. ಗಾಜಿನ ಸ್ಲೈಡ್ ಮೇಲೆ ಹೆಪ್-2 ಅನ್ನುವ ಮನುಷ್ಯರ ಇಡೀ ಜೀವಕೋಶಗಳೇ ಇರುತ್ತವೆ. ಸೀರಂ ಸುರಿದು, ತೊಳೆದು, ಹಸಿರು ಹೊಳೆಯುವ ಬಣ್ಣ ಹಾಕಿ, ಕತ್ತಲಲ್ಲಿ ಮೈಕ್ರೋಸ್ಕೋಪಿನಡಿ ಒಬ್ಬರು ಕೂತು ನೋಡುತ್ತಾರೆ. ಕೋಶದ ನಡುವಿನ ನ್ಯೂಕ್ಲಿಯಸ್ ಪೂರ್ತಿ ಸಮವಾಗಿ ಹೊಳೆಯಿತಾ, ಚುಕ್ಕೆ ಚುಕ್ಕೆಯಾಗಿ ಹೊಳೆಯಿತಾ ಅನ್ನುವುದೇ ಪ್ಯಾಟರ್ನ್.

ಹೆಪ್-2 ಬಗ್ಗೆ ಒಂದು ಮಾತು, ಬೇಡದವರು ಮುಂದೆ ಹೋಗಿ. ಇದು ಗಂಟಲ ಕ್ಯಾನ್ಸರಿನ ಕೋಶ ಅಂತ ಮೊದಲು ಅಂದುಕೊಂಡಿದ್ದರಂತೆ. ಆಮೇಲೆ ನೋಡಿದರೆ ಅದಕ್ಕೆ ಹೀಲಾ ಕೋಶ ಬೆರೆತು ಅದೇ ತುಂಬಿಕೊಂಡಿತ್ತು. ಹೀಲಾ ಅಂದರೆ 1951ರಲ್ಲಿ ತೀರಿಕೊಂಡ ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನುವ ಅಮೆರಿಕದ ಹೆಂಗಸಿನ ಗಡ್ಡೆಯಿಂದ, ಆಕೆಯನ್ನು ಒಂದು ಮಾತೂ ಕೇಳದೆ ತೆಗೆದುಕೊಂಡಿದ್ದು. ನನ್ನ ಕಾಯಿಲೆ ಏನು ಅಂತ ಹೇಳಿದ್ದು ಆ ಪುಣ್ಯಾತ್ಗಿತ್ತಿಯ ಕೋಶ. ರಿಪೋರ್ಟ್ ಹಿಡಿದಾಗಲೆಲ್ಲ ಒಂದು ಸಲ ನೆನಪಾಗುತ್ತಾಳೆ.

ಇನ್ನು 1:320 ಅಂದರೆ ಏನು? ಡಿಕಾಕ್ಷನ್‌ಗೆ ನೀರು ಬೆರೆಸುತ್ತಾ ಹೋಗಿ. ಎಷ್ಟು ನೀರು ಹಾಕಿದರೂ ಕಾಫಿ ವಾಸನೆ ಬರುತ್ತಿದ್ದರೆ ಅದು ಸ್ಟ್ರಾಂಗ್ ಡಿಕಾಕ್ಷನ್ ಅಲ್ವಾ? ಹಾಗೇ ಸೀರಂ ಅನ್ನು 80 ಪಾಲು, 160 ಪಾಲು, 320 ಪಾಲು ತೆಳು ಮಾಡಿದರೂ ಹೊಳೆಯುತ್ತಿದೆ ಅಂತ ಅರ್ಥ. ಕೆಲವು ಲ್ಯಾಬ್ 1:80ರಿಂದ ಶುರು ಮಾಡುತ್ತವೆ, ಕೆಲವು 1:100ರಿಂದ. ಲೂಪಸ್ ಅಂತ ವರ್ಗ ಮಾಡಲು 2019ರಲ್ಲಿ ಯುರೋಪ್ ಮತ್ತು ಅಮೆರಿಕದ ಗಂಟುರೋಗ ಡಾಕ್ಟರ ಸಂಘಗಳು ಸೇರಿ ಮಾಡಿದ ನಿಯಮದಲ್ಲಿ ಹೆಪ್-2 ಮೇಲೆ ಕನಿಷ್ಠ 1:80 ಇರಬೇಕು ಅನ್ನುವುದು ಮೊದಲ ಬಾಗಿಲು. ಅದು ಬಾಗಿಲು ಮಾತ್ರ, ಒಳಗೆ ಹೋದ ಮೇಲೆ ಬೇರೆ ಅಂಕಗಳಿವೆ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಆ ಅರಸೀಕೆರೆಯವರು 1:80 ಬಂತು ಅಂತ ಅಳುತ್ತಾ ಫೋನ್ ಮಾಡಿದ್ದರು. ಆರೋಗ್ಯವಾಗಿರುವವರ ರಕ್ತವನ್ನೇ ಹಲವು ಲ್ಯಾಬುಗಳಲ್ಲಿ ನೋಡಿ 1997ರಲ್ಲಿ ಒಂದು ಅಧ್ಯಯನ ಬಂತು. ಅದರಲ್ಲಿ 1:80ಕ್ಕೆ ಸುಮಾರು 13 ಶೇಕಡಾ ಜನ ಪಾಸಿಟಿವ್ ಬಂದಿದ್ದರು, 1:320ಕ್ಕೂ 3 ಶೇಕಡಾ. ಅಂದರೆ ಏನೂ ಕಾಯಿಲೆ ಇಲ್ಲದ ನೂರು ಜನರ ಮದುವೆ ಮನೆಯಲ್ಲಿ ಹದಿಮೂರು ಜನಕ್ಕೆ ಎಎನ್‌ಎ ಪಾಸಿಟಿವ್. ಲೂಪಸ್ ಇರುವವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಇದು ಪಾಸಿಟಿವ್ ಇರುತ್ತದೆ, ಆದರೆ ಪಾಸಿಟಿವ್ ಇದ್ದವರಿಗೆಲ್ಲ ಲೂಪಸ್ ಇರುವುದಿಲ್ಲ. ಆ ಅರಸೀಕೆರೆಯವರಿಗೆ ಗಂಟು ನೋವೂ ಇಲ್ಲ, ಮೂತ್ರದಲ್ಲಿ ಏನೂ ಇಲ್ಲ. ಫುಲ್ ಬಾಡಿ ಪ್ಯಾಕೇಜಿನಲ್ಲಿ ಎಎನ್‌ಎ ಸುಮ್ನೆ ಸೇರಿಕೊಂಡು ಬಂದಿತ್ತು, ಅಷ್ಟೇ. ಈ ಪ್ಯಾಕೇಜುಗಳ ಮೇಲೆ ನನಗೆ ತುಂಬಾ ಸಿಟ್ಟಿದೆ. ಡಾಕ್ಟರ್ ಕೇಳದೆ ಎಎನ್‌ಎ ಮಾಡಿಸಬೇಡಿ, ನಿದ್ದೆ ಹೋಗುತ್ತೆ.

ಸರಿ, ಬಸ್ ಸ್ಟ್ಯಾಂಡ್ ಲ್ಯಾಬಿನ ವಿಷಯ. ಮೊದಲ ಮಹಡಿ, ಮೆಟ್ಟಿಲು ಕಡಿದು, ಮಂಡಿ ನೋವಿನವರಿಗೆ ಶಿಕ್ಷೆ. ಎಂಟು ಕುರ್ಚಿ, ಅದರಲ್ಲಿ ಒಂದರ ಕಾಲು ಅಲ್ಲಾಡುತ್ತದೆ. ಶೌಚಾಲಯದ ಚಿಲಕ ಆರು ವರ್ಷದಿಂದ ಸರಿಯಿಲ್ಲ, ಮೂತ್ರದ ಸ್ಯಾಂಪಲ್ ಕೊಡುವಾಗ ಒಂದು ಕೈಯಲ್ಲಿ ಡಬ್ಬಿ ಒಂದು ಕೈಯಲ್ಲಿ ಬಾಗಿಲು. ಇಷ್ಟಿದ್ದೂ ನಾನು ಅಲ್ಲಿಗೇ ಹೋಗುವುದಕ್ಕೆ ಕಾರಣ ಅಲ್ಲಿ ರಕ್ತ ತೆಗೆಯುವ ಅಕ್ಕ. ಮೊದಲ ದಿನವೇ ಚೀಟಿ ನೋಡಿ ಅಂದರು: ‘ಎಎನ್‌ಎ, ಡಿಎಸ್ ಡಿಎನ್‌ಎ ನಾವು ಇಲ್ಲಿ ಮಾಡಲ್ಲ. ಬೆಂಗಳೂರಿಗೆ ಹೋಗುತ್ತೆ. ನಾಲ್ಕು ದಿನ. ಕ್ರಿಯಾಟಿನಿನ್, ಸಿಬಿಸಿ, ಯೂರಿನ್ ಇಲ್ಲೇ, ಸಂಜೆಗೆ ಸಿಗುತ್ತೆ.’ ಇಷ್ಟು ನೇರವಾಗಿ ಹೇಳುವ ಕೌಂಟರ್ ಈ ಊರಲ್ಲಿ ಇನ್ನೊಂದು ನಾನು ನೋಡಿಲ್ಲ. ಉಳಿದವರು ಎಲ್ಲದಕ್ಕೂ ‘ಆಗುತ್ತೆ ಮೇಡಂ’ ಅನ್ನುತ್ತಾರೆ, ಆ ಮಾತಿನ ಬೆಲೆ ಮುಂದೆ ಹೇಳುತ್ತೇನೆ.

ಅವರು ಕೆಲಸ ಮಾಡುವುದನ್ನು ನೋಡಬೇಕು. ಹಳದಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ತುಂಬಿದ ಮೇಲೆ ಅಲ್ಲಾಡಿಸುವುದಿಲ್ಲ, ಮೆಲ್ಲಗೆ ಐದು ಸಲ ತಲೆಕೆಳಗು ಮಾಡಿ ಮೇಲೆತ್ತುತ್ತಾರೆ, ಮಗುವಿಗೆ ಹಾಲಿನ ಬಾಟಲಿ ತಿರುಗಿಸಿದ ಹಾಗೆ. ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಗೋಡೆ ಗಡಿಯಾರ ನೋಡಿ, ಪಟ್ಟಿಯಲ್ಲಿ ಸಮಯ ಬರೆಯುತ್ತಾರೆ. ನನ್ನ ಹೆಸರು ವಯಸ್ಸು ಬರೆದ ಚೀಟಿಯನ್ನು ನನ್ನ ಕಣ್ಣೆದುರೇ ಅಂಟಿಸಿ, ‘ಓದಿ, ನಿಮ್ಮದೇನಾ?’ ಅಂತ ಕೇಳುತ್ತಾರೆ. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು ಸೆಂಟ್ರಿಫ್ಯೂಜ್‌ಗೆ ಹಾಕುತ್ತಾರೆ. ಗಾಜಿನ ಪಾರ್ಟಿಶನ್ ಆಚೆ ಅದು ಗುಂಯ್ ಅಂತ ತಿರುಗುವುದು ಕಾಣುತ್ತದೆ. ಕೆಳಗೆ ಕೆಂಪು, ನಡುವೆ ಜೆಲ್, ಮೇಲೆ ಜೋಳದ ಎಣ್ಣೆ ಬಣ್ಣದ ಸೀರಂ. ಅದು ಐಸ್ ಪ್ಯಾಕ್ ಇಟ್ಟ ಥರ್ಮಕೋಲ್ ಡಬ್ಬಿ ಸೇರಿ, ಸಂಜೆ ಗಾಡಿಯಲ್ಲಿ ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲ ದಾಟಿ ಬೆಂಗಳೂರಿಗೆ. ರಕ್ತವನ್ನು ಹಾಗೇ ಕಳಿಸದೆ ಸೀರಂ ಬೇರೆ ಮಾಡಿ ತಂಪಾಗಿ ಕಳಿಸಿದರೆ ಆ್ಯಂಟಿಬಾಡಿಗಳಿಗೆ ಈ ಪ್ರಯಾಣ ಏನೂ ಮಾಡುವುದಿಲ್ಲ, ಅವು ಗಟ್ಟಿ ಪಿಂಡಗಳು.

ರಿಪೋರ್ಟ್ ವಾಟ್ಸಾಪ್‌ನಲ್ಲಿ ಬರುತ್ತೆ, ಅದರಲ್ಲಿ ವಿಧಾನ, ಯಾವ ಪ್ರಮಾಣದಿಂದ ಶುರು, ಪ್ಯಾಟರ್ನ್, ಎಲ್ಲಾ ಇರುತ್ತದೆ. ಇದೇನು ದೊಡ್ಡ ವಿಷಯ ಅನ್ನಬೇಡಿ. ಎಎನ್‌ಎಗೆ ಫ್ಲೋರೆಸೆನ್ಸ್ ವಿಧಾನವೇ ಮಾನದಂಡ, ಬೇರೆ ವಿಧಾನ ಬಳಸುವ ಲ್ಯಾಬ್ ಅದನ್ನು ರಿಪೋರ್ಟಿನಲ್ಲಿ ಹೇಳಬೇಕು ಅಂತ ಅಮೆರಿಕದ ಗಂಟುರೋಗ ಡಾಕ್ಟರ ಸಂಘ 2009ರಲ್ಲೇ ಹೇಳಿದೆ. ನಮ್ಮಲ್ಲಿ ಆ ಒಂದು ಸಾಲು ಇಲ್ಲದೆ ಬರೀ ‘ಎಎನ್‌ಎ: ನೆಗೆಟಿವ್’ ಅಂತ ಪ್ರಿಂಟ್ ಹೊಡೆದ ರಿಪೋರ್ಟುಗಳನ್ನು ಎಷ್ಟೋ ಜನರ ಫೈಲಿನಲ್ಲಿ ನೋಡಿದ್ದೇನೆ.

ಇನ್ನು ಆ್ಯಪ್ ಲ್ಯಾಬ್. ಅದಕ್ಕೆ ಹೋಗಿದ್ದು ಹಾಸನಾಂಬೆ ದೆಸೆಯಿಂದ. ದೇವಿ ಬಾಗಿಲು ವರ್ಷಕ್ಕೊಮ್ಮೆ ತೆಗೆಯುವ ಆ ದಿನಗಳಲ್ಲಿ ಊರಿಗೆ ಊರೇ ಕ್ಯೂನಲ್ಲಿ ನಿಂತಿರುತ್ತದೆ, ಬಸ್ ಸ್ಟ್ಯಾಂಡ್ ಕಡೆ ಸ್ಕೂಟರ್ ನುಗ್ಗಿಸುವುದು ಆಗದ ಮಾತು. ಡಾಕ್ಟರ್ ಬರುವ ದಿನ ಹತ್ತಿರ, ಡಿಎಸ್ ಡಿಎನ್‌ಎ ಬೇಕು. ಮನೆಗೇ ಬಂದು ತೆಗೆಯುತ್ತಾರೆ, 300 ರೂಪಾಯಿ ಕಡಿಮೆ ಬೇರೆ. ಬುಕ್ ಮಾಡಿದೆ. ಹುಡುಗ ಹೇಳಿದ ಸಮಯಕ್ಕೆ, ಬೆಳಗ್ಗೆ ಏಳಕ್ಕೆ ಬಂದ. ಚುಚ್ಚಿದ್ದು ಗೊತ್ತೇ ಆಗಲಿಲ್ಲ, ಕೈಗುಣ ಚೆನ್ನಾಗಿತ್ತು. ನಮ್ಮತ್ತೆ ಕಾಫಿ ಕೊಟ್ಟರೆ ಇನ್ನೂ ಹನ್ನೊಂದು ಮನೆ ಇದೆ ಅಂತ ಓಡಿದ.

ಎರಡು ದಿನಕ್ಕೆ ರಿಪೋರ್ಟ್: 186. ಕೆಂಪಕ್ಷರ, ಮೇಲ್ಮುಖ ಬಾಣ.

ಜುಲೈನಲ್ಲಿ ಬಸ್ ಸ್ಟ್ಯಾಂಡ್ ಲ್ಯಾಬಿನಲ್ಲಿ 42 ಇತ್ತು. ಡಿಎಸ್ ಡಿಎನ್‌ಎ ಅಂದರೆ ನಮ್ಮದೇ ಡಿಎನ್‌ಎ ವಿರುದ್ಧದ ಆ್ಯಂಟಿಬಾಡಿ, ಕೆಲವರಲ್ಲಿ ಕಾಯಿಲೆ ಕೆರಳುವಾಗ ಏರುತ್ತೆ, ಅದರಲ್ಲೂ ಕಿಡ್ನಿಗೆ ಬರುವಾಗ. 42 ಎಲ್ಲಿ, 186 ಎಲ್ಲಿ? ಆ ರಾತ್ರಿ ಕಾಲಿನ ಊತ ಎಷ್ಟು ಸಲ ಒತ್ತಿ ನೋಡಿಕೊಂಡೆನೋ. ಬೆಳಗ್ಗೆ ಮೂತ್ರದಲ್ಲಿ ನೊರೆ ಬಂದ ಹಾಗೂ ಅನಿಸಿತು. ಮನೆಯಲ್ಲಿದ್ದ ಸ್ಟೀರಾಯ್ಡ್ ಮಾತ್ರೆ ನಾನೇ ಒಂದು ಜಾಸ್ತಿ ತಗೊಳ್ಳೋಣ ಅಂತ ಕೈಗೂ ಹಾಕಿಕೊಂಡಿದ್ದೆ, ಗಂಡ ಬೈದು ವಾಪಸ್ ಇಡಿಸಿದರು.

ಡಾಕ್ಟರ್ ಬಂದ ದಿನ ಎರಡೂ ರಿಪೋರ್ಟ್ ಅಕ್ಕಪಕ್ಕ ಇಟ್ಟು, ‘ಲೆಕ್ಕ ಬರೆಯೋರು ನೀವು, ಬಲಗಡೆ ಕಾಲಂ ಓದಿ’ ಅಂದರು. ಬಸ್ ಸ್ಟ್ಯಾಂಡ್ ಲ್ಯಾಬಿನ ಕಿಟ್‌ನಲ್ಲಿ 30 ದಾಟಿದರೆ ಪಾಸಿಟಿವ್. ಆ್ಯಪ್ ಲ್ಯಾಬಿನ ಕಿಟ್‌ನಲ್ಲಿ 100 ದಾಟಿದರೆ. ಎರಡೂ ಕಡೆ ನಾನು ಗೆರೆಯ ಮೇಲೆ, ಆದರೆ ಅದರ ಎರಡು ಪಟ್ಟಿನೊಳಗೇ, ಅಷ್ಟೇ. ಯೂನಿಟ್ ಎರಡಕ್ಕೂ ಒಂದೇ ಹೆಸರು ಇದ್ದರೂ ಅಳತೆ ಒಂದೇ ಅಲ್ಲ. ಕಾಯಿಲೆ ಕೆರಳಿದಾಗ ಇಳಿಯುವ ಸಿ3, ಸಿ4 ಅನ್ನುವ ರಕ್ತದ ಪ್ರೋಟೀನ್ ನಾರ್ಮಲ್, ಮೂತ್ರದ ಪ್ರೋಟೀನ್ ಇಲ್ಲ, ಗಂಟು ಊತ ಇಲ್ಲ. ಮಾತ್ರೆ ಬದಲಾಯಿಸಲಿಲ್ಲ. ಹಳೇ ಕಡೆಯೇ ಇನ್ನೊಮ್ಮೆ ಮಾಡಿಸಿ ಅಂದರು. ಮಾಡಿಸಿದೆ, 47. 300 ರೂಪಾಯಿ ಉಳಿಸಲು ಹೋಗಿ ಇನ್ನೊಂದು ಟೆಸ್ಟಿನ ದುಡ್ಡು, ನಾಲ್ಕು ರಾತ್ರಿ ನಿದ್ದೆ.

ನನಗೆ ಮೈ ಉರಿದಿದ್ದು ನನ್ನ ಮೇಲೇ. ಇದೇ ವಿಷಯ ಆಫೀಸಿನಲ್ಲಿ ದಿನಾ ನೋಡುತ್ತೇನೆ. ಸಕಲೇಶಪುರದ ಒಂದೇ ತೋಟದ ಒಂದೇ ಚೆರ‍್ರಿ, ಒಂದು ಕಡೆ ಔಟ್‌ಟರ್ನ್ 27 ಬಂದರೆ ಇನ್ನೊಂದು ಕಡೆ 26 ಬರುತ್ತೆ. ಔಟ್‌ಟರ್ನ್ ಅಂದರೆ ಒಂದು ಮೂಟೆ ಒಣ ಹಣ್ಣಿನಿಂದ ಸಿಗುವ ಬೀಜದ ತೂಕ. ತೇವಾಂಶ ಅಳೆಯುವ ಮೀಟರುಗಳೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಅದಕ್ಕೇ ಬುದ್ಧಿವಂತ ಬೆಳೆಗಾರರು ವರ್ಷ ವರ್ಷಕ್ಕೆ ಹೋಲಿಸಬೇಕಿದ್ದರೆ ಒಂದೇ ಮೀಟರ್ ಬಿಟ್ಟು ಅಲ್ಲಾಡುವುದಿಲ್ಲ. ಅಷ್ಟು ಗೊತ್ತಿದ್ದವಳಿಗೆ ಸ್ವಂತ ರಕ್ತದ ವಿಷಯದಲ್ಲಿ ಹೊಳೆಯಲಿಲ್ಲ ನೋಡಿ.

ಹಾಗಂತ ಆ್ಯಪ್ ಲ್ಯಾಬ್ ತಪ್ಪು ರಿಪೋರ್ಟ್ ಕೊಟ್ಟಿತು ಅನ್ನಲಾರೆ. ಅವರ ಕಿಟ್ ಪ್ರಕಾರ ಅದು ಸರಿ. ನನ್ನ ದೂರು ಆ ಕೆಂಪು ಬಾಣದ ಮೇಲೆ. ಅವರ ಗ್ರಾಫ್‌ನಲ್ಲಿ ಹಿಂದಿನ ರಿಪೋರ್ಟ್ ಅಪ್‌ಲೋಡ್ ಮಾಡಿ ಅಂತ ಕೇಳಿ, 42ರಿಂದ 186ಕ್ಕೆ ಗುಡ್ಡ ಹತ್ತಿದ ಹಾಗೆ ಗೆರೆ ಎಳೆದು ತೋರಿಸುತ್ತಾರೆ. ಬೇರೆ ಬೇರೆ ಅಳತೆಯನ್ನು ಒಂದೇ ಗೆರೆಗೆ ಪೋಣಿಸಿದರೆ ನಮ್ಮ ಆಫೀಸಲ್ಲಾಗಿದ್ದರೆ ಆಡಿಟರ್ ಕಿವಿ ಹಿಂಡುತ್ತಿದ್ದರು.

ಡಿಎಸ್ ಡಿಎನ್‌ಎಯಲ್ಲೂ ಎರಡು ವಿಧಾನ ಇದೆ ಅಂತ ಆಗಲೇ ಗೊತ್ತಾಗಿದ್ದು. ಎಲೈಸಾ ಒಂದು. ಇನ್ನೊಂದು ಕ್ರಿಥಿಡಿಯಾ. ಕೇಳಿದರೆ ನಗು ಬರುತ್ತೆ, ಕ್ರಿಥಿಡಿಯಾ ಅನ್ನುವುದು ನೊಣದ ಕರುಳಲ್ಲಿ ಬದುಕುವ, ಬಾಲ ಇರುವ ಒಂದು ಏಕಕೋಶ ಜೀವಿ. ಅದರ ಮೈಯಲ್ಲಿ ಒಂದು ಚುಕ್ಕೆಯಷ್ಟು ಜಾಗದಲ್ಲಿ ಬರೀ ಜೋಡಿ ಎಳೆಯ ಡಿಎನ್‌ಎ ಒತ್ತೊತ್ತಾಗಿ ತುಂಬಿರುತ್ತದೆ, ಬೇರೆ ಕಲಬೆರಕೆ ಇಲ್ಲ. ನಮ್ಮ ಸೀರಂ ಹಾಕಿದಾಗ ಆ ಚುಕ್ಕೆ ಹೊಳೆದರೆ, ಅದು ನಿಜವಾದ ಡಿಎಸ್ ಡಿಎನ್‌ಎ ಆ್ಯಂಟಿಬಾಡಿ ಅಂತ ಧೈರ್ಯವಾಗಿ ಹೇಳಬಹುದು. ಎಲೈಸಾ ಜಾಸ್ತಿ ಜನರನ್ನು ಹಿಡಿಯುತ್ತದೆ, ಆದರೆ ಬಿಗಿಯಾಗಿ ಹಿಡಿಯದ ಬಡಪಾಯಿ ಆ್ಯಂಟಿಬಾಡಿಗಳನ್ನೂ ಎಣಿಸಿಬಿಡುತ್ತೆ. ಕ್ರಿಥಿಡಿಯಾ ಕೆಲವರನ್ನು ಬಿಟ್ಟುಬಿಡುತ್ತದೆ, ಹಿಡಿದರೆ ಮಾತ್ರ ಬಿಡುವುದಿಲ್ಲ. ಫಾರ್ ಅನ್ನುವ ಇನ್ನೊಂದು ಹಳೇ ವಿಧಾನವೂ ಇದೆ, ಅದಕ್ಕೆ ವಿಕಿರಣ ವಸ್ತು ಬೇಕು, ನಮ್ಮ ಮಟ್ಟಿಗೆ ಮರೆತುಬಿಡಿ. ರೋಗ ಯಾವುದು ಅಂತ ಗೊಂದಲ ಇದ್ದಾಗ ನನ್ನ ಡಾಕ್ಟರ್ ಕ್ರಿಥಿಡಿಯಾ ಕೇಳುತ್ತಾರೆ. ಏರಿಳಿತ ನೋಡಲು ಎಲೈಸಾ, ನಂಬರ್ ಸಿಗುತ್ತದೆ ಅಂತ.

ಎಎನ್‌ಎ ಮಾತ್ರ ಪದೇ ಪದೇ ಮಾಡಿಸಬೇಡಿ. ಒಮ್ಮೆ ಪಾಸಿಟಿವ್ ಅಂತ ಗೊತ್ತಾದ ಮೇಲೆ ಅದರ ಏರಿಳಿತಕ್ಕೂ ಕಾಯಿಲೆಯ ಏರಿಳಿತಕ್ಕೂ ಸಂಬಂಧ ಇಲ್ಲ. ಇದು ಗೊತ್ತಿಲ್ಲದೆ ನಾನು ಮೊದಲ ವರ್ಷ ನಾಲ್ಕು ಸಲ ದುಡ್ಡು ಕೊಟ್ಟಿದ್ದೇನೆ. ಯಾವ ಲ್ಯಾಬಿನವರೂ ‘ಯಾಕಮ್ಮಾ ಮತ್ತೆ?’ ಅಂತ ಕೇಳಲಿಲ್ಲ, ಆ ಅಕ್ಕ ಕೂಡ.

ಈಗ ‘ಆಗುತ್ತೆ ಮೇಡಂ’ ಕಥೆ. ಎರಡು ವರ್ಷದ ಹಿಂದೆ ಮಗು ಬೇಕು ಅಂದುಕೊಂಡಾಗ ಡಾಕ್ಟರ್ ಒಂದು ಉದ್ದ ಪಟ್ಟಿ ಬರೆದರು. ಇಎನ್‌ಎ ಪ್ರೊಫೈಲ್, ಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್, ಲೂಪಸ್ ಆ್ಯಂಟಿಕೋಆಗ್ಯುಲಂಟ್. ಕೊನೆಯ ಮೂರು, ರಕ್ತ ಹೆಪ್ಪುಗಟ್ಟಿಸಿ ಗರ್ಭಕ್ಕೆ ತೊಂದರೆ ಕೊಡುವ ಆ್ಯಂಟಿಬಾಡಿಗಳಿಗೆ. ಬಸ್ ಸ್ಟ್ಯಾಂಡ್ ಲ್ಯಾಬಿನ ಅಕ್ಕ ಪಟ್ಟಿ ನೋಡಿ ಕೊನೆಯದಕ್ಕೆ ಮಾತ್ರ ಗೆರೆ ಹೊಡೆದರು. ‘ಇದಕ್ಕೆ ಬೆಂಗಳೂರಿಗೇ ಹೋಗಿ ಕೊಡಿ.’ ನನಗೆ ರಜೆ ಇರಲಿಲ್ಲ. ಬೇರೊಂದು ಕಲೆಕ್ಷನ್ ಸೆಂಟರಿಗೆ ಹೋದೆ, ಆಗುತ್ತೆ ಮೇಡಂ ಅಂದರು, 2,400 ರೂಪಾಯಿ ಕಟ್ಟಿಸಿಕೊಂಡರು. ನೀಲಿ ಮುಚ್ಚಳದ ಟ್ಯೂಬಿಗೆ ಮುಕ್ಕಾಲು ಮಾತ್ರ ರಕ್ತ ತುಂಬಿ, ಸೆಂಟ್ರಿಫ್ಯೂಜ್ ಏನೂ ಇಲ್ಲದೆ, ಕಿಟಕಿ ಹಲಗೆಯ ಮೇಲೆ ಇಟ್ಟರು. ಬೆಳಗಿನ ಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು. ನನಗೆ ಆಗ ಏನೂ ಗೊತ್ತಿರಲಿಲ್ಲ, ಆದರೂ ಟ್ಯೂಬ್ ಬಿಸಿಲಲ್ಲಿದೆಯಲ್ಲಾ ಅಂತ ಮನಸ್ಸಿಗೆ ಚುಚ್ಚಿತು. ಐದು ದಿನ ಬಿಟ್ಟು ಒಂದು ಸಾಲಿನ ಮೆಸೇಜ್: ಸ್ಯಾಂಪಲ್ ಯೋಗ್ಯವಾಗಿಲ್ಲ. ದುಡ್ಡು ವಾಪಸ್ ಕೇಳಲು ಮೂರು ಸಲ ಹೋದೆ. ಅರ್ಧ ಬಂತು.

ಆ ಟೆಸ್ಟ್ ಆ್ಯಂಟಿಬಾಡಿಯನ್ನು ನೇರವಾಗಿ ಎಣಿಸುವುದಿಲ್ಲ, ರಕ್ತ ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕು ಅಂತ ನೋಡುತ್ತದೆ. ಅದಕ್ಕೇ ಇಷ್ಟು ಮಡಿ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್, ಗುರುತಿನವರೆಗೆ ಸರಿಯಾಗಿ ತುಂಬಬೇಕು. ಪ್ಲೇಟ್‌ಲೆಟ್ ಉಳಿಯದ ಹಾಗೆ ಎರಡು ಸಲ ತಿರುಗಿಸಬೇಕು. ನಾಲ್ಕು ಗಂಟೆಯೊಳಗೆ ಟೆಸ್ಟ್ ಮಾಡಬೇಕು, ಇಲ್ಲಾ ಪ್ಲಾಸ್ಮಾ ಬೇರೆ ಮಾಡಿ ಮಂಜುಗಡ್ಡೆಯ ಹಾಗೆ ಫ್ರೀಜ್ ಮಾಡಿ ಕಳಿಸಬೇಕು. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಹೆಪಾರಿನ್, ವಾರ್ಫರಿನ್ ತಗೊಳ್ಳುತ್ತಿದ್ದರೆ ಉತ್ತರ ಕೆಡಬಹುದು, ಮೊದಲೇ ಹೇಳಿ. ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವುದಕ್ಕೇ ನಾಲ್ಕು ಗಂಟೆ ಹಿಡಿಯುತ್ತೆ, ಇನ್ನು ಕಿಟಕಿ ಹಲಗೆಯ ಟ್ಯೂಬ್ ಗತಿ ಏನು? ಕಾರ್ಡಿಯೋಲಿಪಿನ್, ಬೀಟಾ-2 ಎರಡೂ ಸೀರಂ ಟೆಸ್ಟ್, ಅವನ್ನು ಇಲ್ಲೇ ಧಾರಾಳವಾಗಿ ಕೊಡಬಹುದು. ಪಾಸಿಟಿವ್ ಬಂದರೆ 12 ವಾರ ಬಿಟ್ಟು ಮತ್ತೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು, ಜ್ವರ ಬಂದು ಹೋದಾಗಲೂ ಸ್ವಲ್ಪ ದಿನ ಪಾಸಿಟಿವ್ ಆಗಬಹುದು.

ಕೊನೆಗೆ ಬೆಳಗಿನ ಬಸ್ ಹಿಡಿದು ಬೆಂಗಳೂರು ಲ್ಯಾಬಿಗೇ ಹೋದೆ. ದೊಡ್ಡ ಆಸ್ಪತ್ರೆಯೊಳಗಿನ ಲ್ಯಾಬ್. ಟೋಕನ್ 143. ಕನ್ನಡದಲ್ಲಿ ಮಾತಾಡಿದರೆ ಹಿಂದಿಯಲ್ಲಿ ಉತ್ತರ. ರಕ್ತ ತೆಗೆದವಳು ನನ್ನ ಮುಖ ನೋಡಲಿಲ್ಲ. ಆದರೆ ಟ್ಯೂಬ್ ಗುರುತಿನವರೆಗೆ ತುಂಬಿದಳು, ಯಾವ ಮಾತ್ರೆ ತಗೊಳ್ಳುತ್ತೀರಿ ಅಂತ ಫಾರ್ಮಿನಲ್ಲಿ ಬರೆಸಿಕೊಂಡಳು, ಹತ್ತು ನಿಮಿಷದಲ್ಲಿ ಟ್ಯೂಬ್ ಒಳಗೆ ಹೋಯಿತು. ನೆಗೆಟಿವ್ ಬಂತು. ಪ್ರೀತಿ ಇಲ್ಲ, ಕೆಲಸ ಪಕ್ಕಾ. ಆ ಒಂದು ಟೆಸ್ಟಿಗೆ ಅಲ್ಲಿಗೇ ಹೋಗಿ, ಬೇರೆ ಯಾವುದಕ್ಕೂ ಬೇಡ.

ಇಎನ್‌ಎ ಪ್ರೊಫೈಲ್ ಬಸ್ ಸ್ಟ್ಯಾಂಡ್ ಲ್ಯಾಬಿನಲ್ಲೇ ಕೊಟ್ಟಿದ್ದೆ. ಕಾಗದದ ಪಟ್ಟಿಯ ಮೇಲೆ ಅಡ್ಡಡ್ಡ ಗೆರೆ ಮೂಡುವ ಟೆಸ್ಟ್ ಅದು, ಒಂದೊಂದು ಗೆರೆ ಒಂದೊಂದು ಆ್ಯಂಟಿಬಾಡಿ. ಎಸ್‌ಎಂ, ಆರ್‌ಎನ್‌ಪಿ, ರೋ, ಲಾ. ಈ ಹೆಸರುಗಳಲ್ಲಿ ಎಸ್‌ಎಂ, ರೋ, ಲಾ ಮೂರೂ ರೋಗಿಗಳ ಹೆಸರಿನ ಮೊದಲ ಎರಡಕ್ಷರ. 1966ರಲ್ಲಿ ಟ್ಯಾನ್ ಮತ್ತು ಕುಂಕೆಲ್ ಎಸ್‌ಎಂ ಬಗ್ಗೆ ಬರೆದಾಗ ಸ್ಮಿತ್ ಅನ್ನುವ ರೋಗಿಯ ಹೆಸರಿಟ್ಟರು. ಎಸ್‌ಎಂ ಲೂಪಸ್ ಬಿಟ್ಟು ಬೇರೆಯವರಲ್ಲಿ ತೀರಾ ಅಪರೂಪ, ಹಾಗಾಗಿ ಇದ್ದರೆ ಗಟ್ಟಿ ಸಾಕ್ಷಿ. ಇಲ್ಲದಿದ್ದರೆ ಏನೂ ಹೇಳಲಾಗದು, ಬಹಳ ಜನ ಲೂಪಸ್‌ನವರಿಗೆ ಅದು ಇರುವುದೇ ಇಲ್ಲ.

ನನಗೆ ರೋ ಬಂತು. ರಿಪೋರ್ಟಿನಲ್ಲಿ ಪಟ್ಟಿಯ ಫೋಟೋ ಇತ್ತು, ರೋ-60 ಎದುರು ಕಪ್ಪು ಗೆರೆ, ಕಾಫಿ ಪುಡಿ ಬಣ್ಣ. ರೋ-52 ಎದುರು ಮಸುಕು, ಇದೆಯೋ ಇಲ್ಲವೋ ಅನ್ನುವ ಹಾಗೆ. ರೋ ಇರುವ ತಾಯಂದಿರಲ್ಲಿ ನೂರಕ್ಕೆ ಒಂದೆರಡು ಮಕ್ಕಳಿಗೆ ಹೊಟ್ಟೆಯಲ್ಲಿರುವಾಗಲೇ ಹೃದಯ ಬಡಿತದ ತೊಂದರೆ ಬರಬಹುದು. ಡಾಕ್ಟರ್ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನುವ ನನ್ನ ಲೂಪಸ್ ಮಾತ್ರೆ ನಿಲ್ಲಿಸಲೇ ಕೂಡದು ಅಂದರು, ನಾಲ್ಕನೇ ತಿಂಗಳಿಂದ ಮಗುವಿನ ಹೃದಯದ ಎಕೋ ಮಾಡಿಸಿದರು. ಈಗ ಅವನಿಗೆ ಹತ್ತು ತಿಂಗಳು. ಇದನ್ನು ಬರೆಯುತ್ತಿರುವಾಗ ನನ್ನ ಫೈಲಿನ ಮೂಲೆ ಕಚ್ಚುತ್ತಿದ್ದಾನೆ.

ಅಂಕ ಕೊಡಿ ಅಂದರೆ, ಬಸ್ ಸ್ಟ್ಯಾಂಡ್ ಲ್ಯಾಬಿಗೆ ಐದಕ್ಕೆ ನಾಲ್ಕು, ಆ ಚಿಲಕ ಸರಿ ಮಾಡಿದರೆ ನಾಲ್ಕೂವರೆ. ಬೆಂಗಳೂರು ಲ್ಯಾಬಿಗೆ ಮೂರೂವರೆ. ಆ್ಯಪ್ ಲ್ಯಾಬಿಗೆ ಮೂರು, ಅದರಲ್ಲಿ ಒಂದು ಆ ಹುಡುಗನ ಕೈಗುಣಕ್ಕೆ. ಮೊದಲಿನಿಂದಲೂ ಅದರಲ್ಲೇ ಮಾಡಿಸುವವರು ಅದರಲ್ಲೇ ಮುಂದುವರಿಯಿರಿ, ನನ್ನ ಮಾತು ಕೇಳಿ ಈಗ ಬದಲಾಯಿಸಿದರೆ ನಿಮಗೂ ನನ್ನ ಕಥೆಯೇ. ಕಿಟಕಿ ಹಲಗೆಯವರಿಗೆ ಸೊನ್ನೆ.

ಹೋಗುವವರಿಗೆ ಇನ್ನೆರಡು ಮಾತು. ಹಳೇ ರಿಪೋರ್ಟ್ ಜೊತೆಗಿರಲಿ, ‘ಇದೇ ವಿಧಾನ, ಇದೇ ಕಿಟ್ ತಾನೆ?’ ಅಂತ ಕೇಳಿ. ಕಿಟ್ ಬದಲಾದರೆ ಲ್ಯಾಬ್ ಒಂದೇ ಆದರೂ ನಂಬರ್ ಬದಲಾಗುತ್ತೆ. ಶನಿವಾರ ಮಧ್ಯಾಹ್ನ ಕೊಡಬೇಡಿ, ಭಾನುವಾರ ಗಾಡಿ ಇಲ್ಲ, ಸ್ಯಾಂಪಲ್ ಸೋಮವಾರದವರೆಗೆ ಫ್ರಿಜ್‌ನಲ್ಲೇ ಕೂರುತ್ತೆ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ, ಕೆಲವು ಟೆಸ್ಟ್‌ಗಳ ಲೆಕ್ಕ ಅದು ಕೆಡಿಸುತ್ತದೆ. ಮತ್ತೆ, ಈ ಆ್ಯಂಟಿಬಾಡಿ ಟೆಸ್ಟ್‌ಗಳಿಗೆ ಉಪವಾಸ ಬೇಡ. ನಾನು ಮೂರು ವರ್ಷ ಖಾಲಿ ಹೊಟ್ಟೆಯಲ್ಲಿ ಹೋಗಿ ತಲೆ ಸುತ್ತಿಸಿಕೊಂಡಿದ್ದೇನೆ. ಲ್ಯಾಬ್ ಕೆಳಗಿನ ಹೋಟೆಲಿನಲ್ಲಿ ಎಂಟಕ್ಕೆಲ್ಲ ತಟ್ಟೆ ಇಡ್ಲಿ ಇಳಿಯುತ್ತೆ, ತಿಂದುಕೊಂಡೇ ಮೆಟ್ಟಿಲು ಹತ್ತಿ.